ಬ್ಯಾಡ್ಜ್ ಬಿಡಿ, ನಂಬರ್ ನೋಡಿ: ಅಪರೂಪದ ಫಾಸ್ಟ್ ಕಾರು ಅಸಲಿಯೋ ನಕಲಿಯೋ ತಿಳಿಯೋದು ಹೇಗೆ

ಚೇಳಿನ ಚಿತ್ರದ ಸ್ಟಿಕ್ಕರ್ ಸೆಟ್ ಆನ್‌ಲೈನ್‌ನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಕೆಂಪು ‘ವಿ’ ಇರುವ ಆರ್‌ಎಸ್ ಬ್ಯಾಡ್ಜೂ ಅಷ್ಟೇ. ಅಂಟಿಸಲು ಹತ್ತು ನಿಮಿಷ ಸಾಕು. ಮಾಮೂಲಿ ಫಿಯಟ್ ಪುಂಟೊ ಅದರದ್ದೇ ಫಾಸ್ಟ್ ಮಾಡೆಲ್ ಆದ ‘ಅಬಾರ್ತ್’ ಆಗಿಬಿಡುತ್ತದೆ, ಮಾಮೂಲಿ ಸ್ಕೋಡಾ ಆಕ್ಟೇವಿಯಾ ಹಾಗೇ ಅದರ ಫಾಸ್ಟ್ ಮಾಡೆಲ್ ‘ವಿಆರ್‌ಎಸ್’ ಆಗಿಬಿಡುತ್ತದೆ. ರೇಟು ಮಾತ್ರ ಲಕ್ಷದ ಲೆಕ್ಕದಲ್ಲಿ ಮೇಲೆ ಹೋಗುತ್ತದೆ.

ನಮ್ಮ ಕಾಸರಗೋಡು ಕಡೆ ಈ ಗಾಡಿಗಳ ಹುಚ್ಚು ಸ್ವಲ್ಪ ಜಾಸ್ತಿಯೇ. ಉಪ್ಪಳ, ಕುಂಬಳೆಯಿಂದ ಕಾಞಂಗಾಡ್ ತನಕ ಹುಡುಗರ ವಾಟ್ಸಾಪ್ ಗ್ರೂಪುಗಳಲ್ಲಿ ದಿನಾ ಒಂದಲ್ಲ ಒಂದು ಗಾಡಿ ಬರುತ್ತದೆ. ಮಂಗಳೂರಿನ ಗಾಡಿ, ಕಣ್ಣೂರಿನ ಗಾಡಿ, ಪುದುಚೇರಿ ನಂಬರಿನ ಗಾಡಿ. ಎಲ್ಲದಕ್ಕೂ ಒಂದೇ ವಿವರಣೆ: ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು. ನಮ್ಮ ಜಿಲ್ಲೆಯಲ್ಲಿ ಡಾಕ್ಟರುಗಳಿಲ್ಲ ಅಂತ ಅತ್ತ ಗೋಳಾಟ, ಇತ್ತ ಮಾರಾಟಕ್ಕಿರುವ ಗಾಡಿಯೆಲ್ಲ ಡಾಕ್ಟರುಗಳದ್ದೇ!

ಇಂಥ ಗಾಡಿ ನೋಡುವಾಗ ಒಂದು ಪ್ರಶ್ನೆ ತಲೆಯಲ್ಲಿ ಇಟ್ಟುಕೊಳ್ಳಿ. ನಾನೀಗ ನೋಡುತ್ತಿರುವುದನ್ನು ನಕಲು ಮಾಡಲು ಎಷ್ಟು ಖರ್ಚಾಗುತ್ತದೆ? ಸ್ಟಿಕ್ಕರ್, ಬ್ಯಾಡ್ಜ್, ಸ್ಪಾಯ್ಲರ್, ಅಲಾಯ್, ಕೆಂಪು ಬಣ್ಣ ಬಳಿದ ಬ್ರೇಕ್ ಕ್ಯಾಲಿಪರ್ ಎಲ್ಲ ಅಗ್ಗ. ಅದರ ಮೇಲೆ ಕಣ್ಣಿಡುವುದೇ ಬೇಡ. ನಕಲು ಮಾಡಲು ದುಬಾರಿಯಾದದ್ದು, ಅಥವಾ ಸಾಧ್ಯವೇ ಇಲ್ಲದ್ದು ಯಾವುದು ಅಂತ ಹುಡುಕಿ.

ಮನೆಯಲ್ಲೇ ಕೂತು ಮಾಡುವ ಕೆಲಸ

ಗಾಡಿ ನೋಡಲು ಹೋಗುವ ಮೊದಲು ಆ ಮಾಡೆಲ್ಲಿನ ಜಾತಕ ಪೂರ್ತಿ ಗೊತ್ತಿರಬೇಕು. ಯಾವ ವರ್ಷ ಬಂತು, ಯಾವ ಎಂಜಿನ್, ಎಷ್ಟು ಸಿಸಿ, ಯಾವ ಗೇರ್‌ಬಾಕ್ಸ್, ಎಷ್ಟು ಬಾಗಿಲು. ಕೆಲವು ಗಾಡಿಗಳನ್ನು ಇಷ್ಟರಲ್ಲೇ ತಳ್ಳಿಹಾಕಬಹುದು.

ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐ ತೆಗೆದುಕೊಳ್ಳಿ. 2016ರ ಕೊನೆಗೆ ಭಾರತಕ್ಕೆ ಬಂತು. ಪೂರ್ತಿ ಆಮದು, ಬರೇ 99 ಗಾಡಿ. 1.8 ಲೀಟರ್ ಟರ್ಬೊ ಪೆಟ್ರೋಲ್, 192 ಪಿಎಸ್ ಶಕ್ತಿ. ಮುಖ್ಯ ವಿಷಯ ಏನೆಂದರೆ ಅದಕ್ಕೆ ಪಕ್ಕದ ಬಾಗಿಲು ಎರಡೇ, ಹಿಂದಿನ ಡಿಕ್ಕಿ ಬಾಗಿಲು ಸೇರಿ ಮೂರು. ನಮ್ಮಲ್ಲಿ ತಯಾರಾದ ಮಾಮೂಲಿ ಪೋಲೊ ಎಲ್ಲ ಐದು ಬಾಗಿಲಿನವು. ಹಾಗಾಗಿ ಪಕ್ಕದಲ್ಲಿ ನಾಲ್ಕು ಬಾಗಿಲಿರುವ ಪೋಲೊಗೆ ಜಿಟಿಐ ಬ್ಯಾಡ್ಜ್ ಹಾಕಿದ್ದರೆ ಫೋಟೊ ನೋಡಿಯೇ ಬಿಟ್ಟುಬಿಡಿ. ಅದು ಬಹುಶಃ ಜಿಟಿ ಟಿಎಸ್‌ಐ. ಒಳ್ಳೆ ಗಾಡಿಯೇ, ಆದರೆ 1.2 ಲೀಟರ್, 105 ಪಿಎಸ್. ರೇಟು ಆ ಲೆಕ್ಕದಲ್ಲೇ ಇರಬೇಕು.

ಸ್ಕೋಡಾ ಆಕ್ಟೇವಿಯಾ ಸ್ವಲ್ಪ ಕಷ್ಟ, ಯಾಕೆಂದರೆ ಹೊರಗಿನ ಆಕಾರ ಒಂದೇ. 2017ರಲ್ಲಿ 230 ಪಿಎಸ್‌ನ ವಿಆರ್‌ಎಸ್ ಬಂತು, 2020ರಲ್ಲಿ 245 ಪಿಎಸ್‌ನದು. ಎರಡನೆಯದು ಆಮದಾಗಿದ್ದು 200 ಮಾತ್ರ. ಎರಡರಲ್ಲೂ ಇರುವುದು 1984 ಸಿಸಿಯ ಟರ್ಬೊ ಪೆಟ್ರೋಲ್. ಅದೇ ಪೀಳಿಗೆಯ ಬೇರೆ ಆಕ್ಟೇವಿಯಾಗಳಲ್ಲಿ 1395 ಸಿಸಿ ಪೆಟ್ರೋಲ್, 1798 ಸಿಸಿ ಪೆಟ್ರೋಲ್, 1968 ಸಿಸಿ ಡೀಸೆಲ್ ಇವೆ. 1968, 1984. ಗಡಿಬಿಡಿಯಲ್ಲಿ ಓದಿದರೆ ಎರಡೂ ಒಂದೇ ಥರ ಕಾಣುತ್ತವೆ, ಅಲ್ವಾ? ಒಂದು ಡೀಸೆಲ್, ಇನ್ನೊಂದು ಪೆಟ್ರೋಲ್. ಸಿಸಿ ಜೊತೆಗೆ ಇಂಧನ ಯಾವುದು ಅಂತಲೂ ಓದಿ.

ನಿಜವಾದ ತಲೆನೋವು ಅಬಾರ್ತ್ ಪುಂಟೊ. 2015ರಲ್ಲಿ ಹತ್ತು ಲಕ್ಷದ ಒಳಗೆ ಶೋರೂಂ ಬೆಲೆಯಲ್ಲಿ ಬಂದ ಗಾಡಿ. 1.4 ಲೀಟರ್ ಟಿ-ಜೆಟ್ ಟರ್ಬೊ ಎಂಜಿನ್, 145 ಎಚ್‌ಪಿ, ಐದು ಗೇರಿನ ಮ್ಯಾನ್ಯುಯಲ್, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. ಆರ್‌ಸಿಯಲ್ಲಿ ನೋಡಿದರೆ 1368 ಸಿಸಿ ಪೆಟ್ರೋಲ್. ಸರಿ ಅಂತ ಖುಷಿಯಾಗಬೇಡಿ. ಟರ್ಬೊ ಇಲ್ಲದ ಮಾಮೂಲಿ 1.4 ಪುಂಟೊ ಕೂಡ 1368 ಸಿಸಿ ಪೆಟ್ರೋಲೇ! ಇಲ್ಲಿ ಸಿಸಿ ನಂಬಿ ಹೋದರೆ ಕೆಟ್ಟಿರಿ.

ಹಾಗಾದರೆ ಹಿಂದಿನ ಡಿಸ್ಕ್ ನೋಡಿದರೆ ಆಯಿತಲ್ಲ ಅಂತೀರಾ? ಮಾಮೂಲಿ ಪುಂಟೊಗೆ ಹಿಂದೆ ಡ್ರಮ್ ಬ್ರೇಕ್ ಇರುವುದರಿಂದ ಸೋಮಾರಿ ನಕಲು ಅಲ್ಲಿ ಸಿಕ್ಕಿಬೀಳುತ್ತದೆ. ಆದರೆ ಫಿಯಟ್ ಲಿನಿಯಾ ಟಿ-ಜೆಟ್ ಅಂತ ಒಂದು ಸೆಡಾನ್ ಇತ್ತು. ಅದೇ ಕುಟುಂಬದ ಎಂಜಿನ್, ಅದಕ್ಕೂ ನಾಲ್ಕು ಡಿಸ್ಕ್. ಗುಜರಿಗೆ ಹೋದ ಒಂದು ಲಿನಿಯಾದಿಂದ ಎಂಜಿನ್, ಟರ್ಬೊ, ಬ್ರೇಕ್ ಎಲ್ಲ ಎತ್ತಿ ಪುಂಟೊದಲ್ಲಿ ಕೂರಿಸಬಹುದು. ಓಡಿಸಿದರೆ ಮಜಾ ಇರಬಹುದು. ಆದರೆ ಅದು ಅಬಾರ್ತ್ ಅಲ್ಲ. ಇಂಥ ಗಾಡಿಯನ್ನು ಕಣ್ಣಿನಿಂದ ಹಿಡಿಯಲು ಆಗುವುದಿಲ್ಲ, ಆರ್‌ಸಿಯ ಎಂಜಿನ್ ನಂಬರನ್ನು ಎಂಜಿನ್ ಮೇಲಿರುವ ನಂಬರಿನ ಜೊತೆ ತಾಳೆ ನೋಡಿ ಹಿಡಿಯಬೇಕು.

ಹೋಂಡಾ ಸಿವಿಕ್ ಬಗ್ಗೆಯೂ ಒಂದು ಮಾತು. 2006ರಿಂದ ನಮ್ಮಲ್ಲಿ ಬಂದ ಸಿವಿಕ್‌ಗೆ ಕೆಂಪು ಲೋಗೊ, ಟೈಪ್ ಆರ್ ಬಂಪರ್ ಹಾಕಿದ್ದು ಕೇರಳದಲ್ಲಿ ಬೇಕಾದಷ್ಟಿವೆ. ಟೈಪ್ ಆರ್ ಭಾರತದಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದೇ ಇಲ್ಲ. ನಮ್ಮ ಸಿವಿಕ್ 1.8 ಲೀಟರ್. ಜಪಾನಿನ ಅದೇ ಆಕಾರದ ಟೈಪ್ ಆರ್ ಸೆಡಾನ್ 2 ಲೀಟರ್. ಅಂದ ನೋಡಿ ಕೊಳ್ಳುವುದಾದರೆ ಕೊಳ್ಳಿ, ‘ಟೈಪ್ ಆರ್’ ಅನ್ನುವ ಹೆಸರಿಗೆ ಒಂದು ರೂಪಾಯಿಯೂ ಜಾಸ್ತಿ ಕೊಡಬೇಡಿ.

ಆರ್‌ಸಿ ಓದುವುದು

ಮಾರುವವರ ಹತ್ತಿರ ಆರ್‌ಸಿಯ ಎರಡೂ ಬದಿಯ ಫೋಟೊ ಕೇಳಿ. ‘ಗಾಡಿ ನೋಡಿ, ಆಮೇಲೆ ಕಾಗದ’ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ಅಷ್ಟು ದೂರ ಪೆಟ್ರೋಲ್ ಸುಡುವುದು ಯಾಕೆ?

ಫೋಟೊ ಬಂದ ಮೇಲೆ ಅದೇ ನಂಬರನ್ನು ಪರಿವಾಹನ್ ಜಾಲತಾಣದಲ್ಲೋ ಎಂ-ಪರಿವಾಹನ್ ಆ್ಯಪಿನಲ್ಲೋ ಹಾಕಿ. ತಯಾರಾದ ತಿಂಗಳು, ನೋಂದಣಿ ದಿನಾಂಕ, ಮಾಡೆಲ್ ಹೆಸರು, ಇಂಧನ, ಎಷ್ಟನೇ ಮಾಲೀಕ, ಸಾಲ ಇದೆಯೋ ಇಲ್ಲವೋ, ವಿಮೆ ಯಾವಾಗ ಮುಗಿಯುತ್ತದೆ ಇವನ್ನೆಲ್ಲ ಕಾರ್ಡಿನ ಜೊತೆ ತಾಳೆ ನೋಡಿ. ಮಾಡೆಲ್ ಹೆಸರಿನ ಜಾಗದಲ್ಲಿ ಅಬಾರ್ತ್ ಅಥವಾ ಆರ್‌ಎಸ್ ಅಂತ ಇದ್ದರೆ ಒಂದು ಸಮಾಧಾನ. ಇಲ್ಲದಿದ್ದರೆ ಸುಳ್ಳು ಅಂತ ತೀರ್ಮಾನಿಸಬೇಡಿ. ಆಫೀಸಿನಲ್ಲಿ ಟೈಪ್ ಮಾಡುವವರು ಅರ್ಧ ಹೆಸರು ಬರೆದು ಬಿಟ್ಟಿರುವುದೂ ಉಂಟು. ಆಗ ಮೊದಲ ಶೋರೂಂ ಬಿಲ್ ಕೇಳಿ. ಅದರಲ್ಲಿ ಪೂರ್ತಿ ವೇರಿಯಂಟ್ ಹೆಸರು, ಚಾಸಿ ನಂಬರ್, ಅಂದಿನ ಬೆಲೆ ಎಲ್ಲ ಇರುತ್ತದೆ. ಅಪರೂಪದ ಗಾಡಿಯನ್ನು ಪ್ರೀತಿಯಿಂದ ಇಟ್ಟುಕೊಂಡವರು ಆ ಬಿಲ್ಲನ್ನು ಸಾಮಾನ್ಯವಾಗಿ ಬಿಸಾಡಿರುವುದಿಲ್ಲ.

ಎಂಜಿನ್ ಬದಲಾಗಿದ್ದರೆ ಅದು ಆರ್‌ಸಿಯಲ್ಲಿ ಏರಿರಬೇಕು. ‘ಎಲ್ಲರೂ ಮಾಡ್ತಾರೆ’ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ ಅನ್ನುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ್ದೇ ಒಂದು ಪ್ರಕರಣದಲ್ಲಿ ಇದನ್ನು ಬಿಗಿಯಾಗಿ ಹೇಳಿದೆ. ನಮ್ಮ ಕೇರಳದ ಎಂವಿಡಿಯವರು, ಅಂದರೆ ಮೋಟಾರು ವಾಹನ ಇಲಾಖೆಯವರು, ಮಾಡಿಫಿಕೇಶನ್ ವಿಷಯದಲ್ಲಿ ಎಷ್ಟು ಚುರುಕು ಅಂತ ನಿಮಗೆ ಹೇಳಬೇಕಾಗಿಲ್ಲ.

ಇನ್ನೊಂದು ಜಾಲತಾಣ ಇದೆ, ವಾಹನ್ ಸಮನ್ವಯ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ್ದು. ಗಾಡಿ ಕಳವು ಪ್ರಕರಣದಲ್ಲೋ ಬೇರೆ ಪೊಲೀಸ್ ಕೇಸಿನಲ್ಲೋ ಇದೆಯಾ ಅಂತ ಅಲ್ಲಿ ನೋಡಬಹುದು. ಇ-ಚಲನ್ ಬಾಕಿಯನ್ನೂ ಅದೇ ಹೊತ್ತಿಗೆ ನೋಡಿಬಿಡಿ. ಫಾಸ್ಟ್ ಕಾರು, ಕ್ಯಾಮೆರಾ ತುಂಬಿದ ಕೇರಳ. ಬಾಕಿ ಇಲ್ಲದಿದ್ದರೇ ಆಶ್ಚರ್ಯ!

ಪೆನ್ಸಿಲ್ ಮತ್ತು ಒಂದು ಹಾಳೆ ಕಾಗದ

ಗಾಡಿ ಮುಂದೆ ನಿಂತ ಮೇಲೆ ಬಾನೆಟ್ ಬಾಗಿಲು ಅಂತ ಸುತ್ತು ಹೊಡೆಯಬೇಡಿ. ಮೊದಲ ಕೆಲಸ ಚಾಸಿ ನಂಬರ್.

ಅದು 17 ಅಕ್ಷರ-ಅಂಕಿಗಳದ್ದು. ಇಂಗ್ಲಿಷಿನ ಐ, ಓ, ಕ್ಯೂ ಈ ಮೂರು ಅಕ್ಷರ ಅದರಲ್ಲಿ ಬರುವುದೇ ಇಲ್ಲ. ಒಂದು, ಸೊನ್ನೆಗಳ ಜೊತೆ ಗೊಂದಲ ಆಗಬಾರದು ಅಂತ. ಎಲ್ಲಿ ಕೊರೆದಿದ್ದಾರೆ ಅನ್ನುವುದು ಗಾಡಿಯ ಮ್ಯಾನ್ಯುಯಲ್‌ನಲ್ಲಿ ಚಿತ್ರ ಸಮೇತ ಇರುತ್ತದೆ. ಕೆಲವಕ್ಕೆ ಮುಂದಿನ ಸೀಟಿನ ಹತ್ತಿರ ಕಾರ್ಪೆಟ್ಟಿನ ಕೆಳಗೆ, ಕೆಲವಕ್ಕೆ ಎಂಜಿನ್ ಕೋಣೆಯ ಹಿಂದಿನ ಗೋಡೆಯಲ್ಲಿ. ಗಾಜಿನ ಕೆಳಮೂಲೆಯಲ್ಲಿ, ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಕೂಡ ಅದೇ ನಂಬರ್ ಕಾಣಿಸಬಹುದು. ಎಲ್ಲ ಕಡೆ ಒಂದೇ ಇರಬೇಕು.

ಕೊರೆದ ಜಾಗವನ್ನು ಒಣ ಬಟ್ಟೆಯಲ್ಲಿ ಒರೆಸಿ. ತೆಳು ಬಿಳಿ ಕಾಗದ ಇಟ್ಟು, ಎರಡೂ ತುದಿಗೆ ಟೇಪ್ ಹಚ್ಚಿ, ಮೆತ್ತಗಿನ ಪೆನ್ಸಿಲ್ಲನ್ನು ಮಲಗಿಸಿ ಉಜ್ಜಿ. ಆರ್‌ಟಿಒ ಏಜೆಂಟರು ಮಾಡುವ ಅದೇ ಪೆನ್ಸಿಲ್ ಪ್ರಿಂಟ್. ಈಗ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ. ಅಂಕಿಗಳ ಎತ್ತರ ಒಂದೇ ಇದೆಯಾ? ನಡುವಿನ ಅಂತರ ಒಂದೇ ಇದೆಯಾ? ಒಂದು ಕಡೆ ಇರುವ 3ಕ್ಕೂ ಇನ್ನೊಂದು ಕಡೆ ಇರುವ 3ಕ್ಕೂ ಆಕಾರ ಹೊಂದುತ್ತದಾ? 3ನ್ನು 8 ಮಾಡುವುದು, 1ನ್ನು 4 ಮಾಡುವುದು ಹಳೇ ಕೈಚಳಕ. ಕಣ್ಣಿಗೆ ಕಾಣದ್ದು ಪೆನ್ಸಿಲ್ಲಿಗೆ ಕಾಣುತ್ತದೆ. ಅಕ್ಷರದ ಸುತ್ತ ಗೆರೆಗೆರೆಯಾಗಿ ಗ್ರೈಂಡರ್ ಗುರುತು ಮೂಡಿದರೆ, ಆ ಜಾಗಕ್ಕೆ ಮಾತ್ರ ಬೇರೆ ಹೊಳಪಿನ ಪೇಂಟ್ ಇದ್ದರೆ, ತಗಡಿನ ಅಂಚಿನಲ್ಲಿ ವೆಲ್ಡಿಂಗ್ ಉಬ್ಬು ಸಿಕ್ಕಿದರೆ, ನಮಸ್ಕಾರ ಹೇಳಿ ಹೊರಡಿ. ಕಾರಣ ಕೇಳುವುದೂ ಬೇಡ, ಚೌಕಾಸಿಯೂ ಬೇಡ.

ಎಂಜಿನ್ ನಂಬರ್ ಓದುವುದು ಕಷ್ಟದ ಕೆಲಸ. ಕೆಳಗೆ ಎಲ್ಲೋ ಇರುತ್ತದೆ, ಎಣ್ಣೆ ಧೂಳು ಮೆತ್ತಿರುತ್ತದೆ. ಮೊಬೈಲನ್ನು ಸಂದಿಗೆ ತೂರಿಸಿ ವಿಡಿಯೊ ಮಾಡಿ, ಆಮೇಲೆ ನಿಲ್ಲಿಸಿ ನಿಲ್ಲಿಸಿ ಓದಿ. ಲಿಫ್ಟ್ ಇರುವ ಗ್ಯಾರೇಜಿಗೆ ಗಾಡಿ ತರಲು ಮಾರುವವರು ಒಪ್ಪಿದರೆ ಇನ್ನೂ ಒಳ್ಳೇದು. ಅಬಾರ್ತ್ ಆದರೆ ಈ ಹಂತ ಬಿಡಲೇಬೇಡಿ, ಕಾರಣ ಮೇಲೆ ಹೇಳಿದ್ದೇನೆ.

ಸ್ಕೋಡಾ, ಫೋಕ್ಸ್‌ವ್ಯಾಗನ್ ಕೊಳ್ಳುವವರಿಗೆ ಇನ್ನೊಂದು ಸಾಕ್ಷಿ ಇದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಂಡಿಯಲ್ಲೋ ಸರ್ವಿಸ್ ಪುಸ್ತಕದ ಮೊದಲ ಪುಟಗಳಲ್ಲೋ ಒಂದು ಬಿಳಿ ಸ್ಟಿಕ್ಕರ್ ಅಂಟಿಸಿರುತ್ತಾರೆ. ಚಾಸಿ ನಂಬರ್, ಎಂಜಿನ್ ಕೋಡ್, ಗೇರ್‌ಬಾಕ್ಸ್ ಕೋಡ್, ಪೇಂಟ್ ಕೋಡ್, ಆಮೇಲೆ ಮೂರು ಮೂರು ಅಕ್ಷರಗಳ ಉದ್ದನೆಯ ಪಟ್ಟಿ. ಆ ಮೂರಕ್ಷರಗಳು ಫ್ಯಾಕ್ಟರಿಯಲ್ಲಿ ಆ ಗಾಡಿಗೆ ಹಾಕಿದ ಒಂದೊಂದು ಸಾಮಾನಿನ ಗುರುತು: ಯಾವ ಬ್ರೇಕ್, ಯಾವ ಸಸ್ಪೆನ್ಶನ್, ಯಾವ ಸೀಟು. ಫೋಟೊ ತೆಗೆದು ಈ ಗಾಡಿಗಳನ್ನೇ ರಿಪೇರಿ ಮಾಡುವ ಮೆಕ್ಯಾನಿಕ್‌ಗೆ ಕಳಿಸಿ. ಸ್ಟಿಕ್ಕರ್ ಕಿತ್ತುಹೋಗಿದ್ದರೆ ಹಿಂದೆ ಗುದ್ದಿ ಡಿಕ್ಕಿಯ ತಳ ಬದಲಿಸಿದ್ದಾರಾ ಅಂತ ಕೂಡ ನೋಡಬೇಕಾಗುತ್ತದೆ.

ಹೊರದೇಶದಿಂದ ಬಂದದ್ದು ಅಂದರೆ

ಇದು ನಮ್ಮ ಊರಿಗೆ ತುಂಬ ಬೇಕಾದ ವಿಷಯ. 2025ರ ಸೆಪ್ಟೆಂಬರಿನಲ್ಲಿ ಕಸ್ಟಮ್ಸ್‌ನವರು ‘ಆಪರೇಷನ್ ನುಂಖೋರ್’ ಹೆಸರಲ್ಲಿ ಕೇರಳದ ಉದ್ದಗಲಕ್ಕೂ ಶೋಧ ಮಾಡಿದ್ದು ನೆನಪಿರಬಹುದು. ಭೂತಾನಿನಿಂದ ಕಳ್ಳದಾರಿಯಲ್ಲಿ ತಂದು, ಸುಳ್ಳು ಕಾಗದ ಮಾಡಿ, ಹಿಮಾಚಲದಂಥ ದೂರದ ರಾಜ್ಯದಲ್ಲಿ ನೋಂದಣಿ ಮಾಡಿಸಿ ಇಲ್ಲಿ ಮಾರಿದ್ದಾರೆ ಅನ್ನುವುದು ಆರೋಪ. ವಶವಾದದ್ದು ಕೊಂಡವರ ಅಂಗಳದಲ್ಲಿದ್ದ ಗಾಡಿ. ನಾನು ದುಡ್ಡು ಕೊಟ್ಟೇ ತೆಗೆದುಕೊಂಡದ್ದು ಅಂದರೆ ಅಷ್ಟಕ್ಕೇ ಗಾಡಿ ವಾಪಸ್ ಬರುವುದಿಲ್ಲ.

ಭಾರತದಲ್ಲಿ ಅಧಿಕೃತವಾಗಿ ಮಾರಾಟವಾಗದ ಮಾಡೆಲ್ ಆಗಿದ್ದರೆ ಬಿಲ್ ಆಫ್ ಎಂಟ್ರಿ (ಆಮದಿನ ಕಸ್ಟಮ್ಸ್ ಕಾಗದ) ಮತ್ತು ಸುಂಕ ಕಟ್ಟಿದ ರಸೀದಿ ಇಲ್ಲದೆ ಮುಂದೆ ಹೋಗಬೇಡಿ. ಉದಾಹರಣೆಗೆ, ಗಾಲ್ಫ್ ಜಿಟಿಐ ಇಲ್ಲಿನ ಶೋರೂಮಿಗೆ ಬಂದದ್ದೇ 2025ರಲ್ಲಿ. ‘2012ರ ಗಾಲ್ಫ್ ಜಿಟಿಐ’ ಅಂತ ಯಾರಾದರೂ ತೋರಿಸಿದರೆ ಅದು ಬೇರೆ ದಾರಿಯಲ್ಲಿ ಬಂದದ್ದು. ದಾರಿ ಯಾವುದು ಅಂತ ಕಾಗದ ಹೇಳಬೇಕು. ಹಳೆ ಗಾಡಿಯನ್ನು ಆಮದು ಮಾಡುವ ನಿಯಮ ಬಿಗಿ ಇದೆ. 3 ವರ್ಷಕ್ಕಿಂತ ಹಳೆಯದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಇನ್ನು ಜಪಾನಿನ ಒಳಮಾರುಕಟ್ಟೆಯ ಗಾಡಿಗಳಿಗೆ ನಮ್ಮ ಹಾಗೆ 17 ಅಕ್ಷರದ ನಂಬರ್ ಇರುವುದಿಲ್ಲ. ಮಾಡೆಲ್ ಕೋಡ್, ಒಂದು ಅಡ್ಡಗೆರೆ, ಆಮೇಲೆ ಅಂಕಿಗಳು, ಇಷ್ಟೇ. ಜಪಾನ್ ಗಾಡಿ ಅಂತ ಹೇಳಿ 17 ಅಕ್ಷರ ತೋರಿಸಿದರೆ ಅದು ಎಲ್ಲಿಂದ ಬಂತು ಅಂತ ಕೇಳಿ.

ದುಬೈ ನಂಬರಿನ, ಎಡಗಡೆ ಸ್ಟೀರಿಂಗಿನ ಗಾಡಿಗಳು ರಜೆಯಲ್ಲಿ ನಮ್ಮ ರಸ್ತೆಯಲ್ಲಿ ಓಡಾಡುತ್ತವೆ. ಅವು ಕಾರ್ನೆಟ್ ಅನ್ನುವ ತಾತ್ಕಾಲಿಕ ಪರವಾನಗಿಯಲ್ಲಿ ಬಂದವು, ವಾಪಸ್ ಹೋಗಲೇಬೇಕು. ‘ಇಲ್ಲೇ ಬಿಟ್ಟುಹೋಗ್ತಾರಂತೆ, ಅಗ್ಗಕ್ಕೆ ಕೊಡ್ತಾರಂತೆ’ ಅನ್ನುವವರ ಮಾತಿಗೆ ಕಿವಿಗೊಡಬೇಡಿ ಮಾರಾಯ್ರೆ.

ಪುದುಚೇರಿ ನಂಬರ್ ಇದ್ದರೆ ಅಷ್ಟಕ್ಕೇ ಕಳ್ಳ ಗಾಡಿ ಅಂತಲ್ಲ. ಆದರೆ ಕೇರಳದ ತೆರಿಗೆ ತಪ್ಪಿಸಲು ಅಲ್ಲಿ ಸುಳ್ಳು ವಿಳಾಸ ಕೊಟ್ಟು ನೋಂದಣಿ ಮಾಡಿಸಿದ ವಿಷಯ 2017ರಲ್ಲೇ ದೊಡ್ಡ ಕೇಸಾಗಿದೆ. ಮೊದಲ ಮಾಲೀಕರ ವಿಳಾಸ ನಿಜವೋ ಅಂತ ವಿಚಾರಿಸಿ.

ಮೈಯ ಗುರುತುಗಳು

ಒಂದು ಗಾಡಿಯ ಭಾಗಗಳೆಲ್ಲ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಹುಟ್ಟಿರುತ್ತವೆ. ಎಲ್ಲ ಗಾಜಿನ ಮೂಲೆಯಲ್ಲೂ ವರ್ಷದ ಗುರುತಿದೆ. ಸೀಟ್ ಬೆಲ್ಟಿನ ಬುಡದ ಚೀಟಿಯಲ್ಲೂ ಇದೆ. 2017ರ ಗಾಡಿಯಲ್ಲಿ ಒಂದು ಗಾಜು ಮಾತ್ರ 2021ರದ್ದು ಅಂದರೆ ಆ ಬದಿಗೆ ಏನೋ ಆಗಿದೆ. ಮುಂದಿನ ಎರಡೂ ಬೆಲ್ಟ್ ಹೊಸದು ಅಂದರೆ ಏರ್‌ಬ್ಯಾಗ್ ಬಿಚ್ಚಿಕೊಂಡಷ್ಟು ದೊಡ್ಡ ಅಪಘಾತ ಆಗಿರಬಹುದು. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3219 ಅಂದರೆ 2019ರ 32ನೇ ವಾರ. 18,000 ಕಿಲೋಮೀಟರ್ ಮಾತ್ರ ಓಡಿದ ಗಾಡಿಗೆ ಈಗಾಗಲೇ ಎರಡನೇ ಸೆಟ್ ಟೈರ್ ಸವೆದಿದ್ದರೆ ಮೀಟರ್ ಮೇಲೆ ಅನುಮಾನ ಪಡಿ.

ನೀರಿಗೆ ಬಿದ್ದ ಗಾಡಿಗಳ ಬಗ್ಗೆ ಕೇರಳದಲ್ಲಿ ಎಚ್ಚರ ಜಾಸ್ತಿಯೇ ಬೇಕು. 2018ರ ಪ್ರವಾಹದಲ್ಲಿ ಮುಳುಗಿದವು ತೊಳೆದು ಒಣಗಿ ಬೇರೆ ಬೇರೆ ಜಿಲ್ಲೆಗೆ ಹಂಚಿಹೋಗಿವೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ನೀರು ನಿಂತ ಗೆರೆ ಇದ್ದರೆ ಅಲ್ಲಿ ಕಾಣುತ್ತದೆ. ಸೀಟಿನ ಹಳಿಯ ಬೋಲ್ಟಿಗೆ ತುಕ್ಕು, ಸ್ಟೆಪ್ನಿ ಗುಂಡಿಯ ಮೂಲೆಯಲ್ಲಿ ನುಣ್ಣನೆ ಕೆಸರು, ಇವನ್ನೂ ನೋಡಿ. ಕರಾವಳಿಯ ಗಾಡಿಯ ತಳದಲ್ಲಿ ಸ್ವಲ್ಪ ತುಕ್ಕು ಸಹಜ. ಉಪ್ಪುಗಾಳಿ, ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಏನು ಮಾಡುವುದು. ಮುರಕಲ್ಲಿನ ದಾರಿಯಲ್ಲಿ ತಗ್ಗಿನ ಗಾಡಿಯ ಹೊಟ್ಟೆ ಕೆರೆದಿರುವುದೂ ಮಾಮೂಲು. ಒಳಗಿನ ವೈರ್ ಕನೆಕ್ಟರುಗಳಿಗೆ ಹಸಿರು ಕಿಲುಬು ಹಿಡಿದಿರುವುದು ಮಾಮೂಲಲ್ಲ.

ಸ್ಕ್ಯಾನರ್ ಹಾಕಿಸಿ

ಸರ್ವಿಸ್ ದಾಖಲೆಯನ್ನು ಮಾರುವವರ ಫೈಲಿನಿಂದ ಮಾತ್ರ ಓದಬೇಡಿ. ಅವರ ಒಪ್ಪಿಗೆ ಪಡೆದು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಚಾಸಿ ನಂಬರ್ ಕೊಟ್ಟು ಕೇಳಿ. ಬಿಲ್ಲಿನಲ್ಲಿರುವ ಕಿಲೋಮೀಟರ್ ಯಾವತ್ತೂ ಮೇಲೇ ಹೋಗುತ್ತಿರಬೇಕು.

ಆಮೇಲೆ ಗಾಡಿಯ ಕಂಪ್ಯೂಟರ್ ಓದುವ ಒಳ್ಳೆ ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನ ಕರೆದುಕೊಂಡು ಹೋಗಿ. ಮೊಬೈಲಿಗೆ ಜೋಡಿಸುವ ಅಗ್ಗದ ಸಾಧನ ಸಾಲದು. ಸ್ಕೋಡಾ, ಫೋಕ್ಸ್‌ವ್ಯಾಗನ್ ಗಾಡಿಗಳ ಕಂಪ್ಯೂಟರ್ ಒಂದು ದೋಷ ಬಂದಾಗ ಎಷ್ಟನೇ ಕಿಲೋಮೀಟರಿನಲ್ಲಿ ಬಂತು ಅಂತಲೂ ಬರೆದಿಟ್ಟುಕೊಳ್ಳುತ್ತದೆ. ಮೀಟರಿನಲ್ಲಿ 40,000 ಇದ್ದು, ಗೇರ್‌ಬಾಕ್ಸಿನ ಹಳೆ ದೋಷದ ಮುಂದೆ 71,000 ಅಂತ ಇದ್ದರೆ ಇನ್ನೇನು ಕೇಳಬೇಕು? ನಿನ್ನೆ ಮೊನ್ನೆ ಎಲ್ಲ ದೋಷ ಅಳಿಸಿಬಿಟ್ಟಿದ್ದರೆ ಅದೂ ಗೊತ್ತಾಗುತ್ತದೆ. ಎಮಿಶನ್‌ಗೆ ಸಂಬಂಧಿಸಿದ ಸ್ವಯಂ ಪರೀಕ್ಷೆಗಳು ಪೂರ್ತಿಯಾಗಿಲ್ಲ ಅಂತ ತೋರಿಸುತ್ತವೆ.

ರೀಮ್ಯಾಪ್, ಅಂದರೆ ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ, ಮಾಡಿದ್ದೀರಾ ಅಂತ ನೇರವಾಗಿ ಕೇಳಿ. ಮಾಡಿದ್ದನ್ನು ಮುಚ್ಚಿಡದೆ, ತೆಗೆದಿಟ್ಟ ಮೂಲ ಸಾಮಾನುಗಳ ಸಮೇತ ಕೊಡುವವರನ್ನು ನಾನು ನಂಬುತ್ತೇನೆ. ‘ಫುಲ್ ಸ್ಟಾಕ್’ (ಏನೂ ಬದಲಿಸಿಲ್ಲ) ಅಂತ ಆಣೆ ಹಾಕುವಾಗ ಸೈಲೆನ್ಸರ್ ಮಾತ್ರ ಪಟಾಕಿ ಹೊಡೆಯುತ್ತಿದ್ದರೆ ನಂಬುವುದಿಲ್ಲ.

ಓಡಿಸುವುದು

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಬೇಕು. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಬಂದರೆ ಟರ್ಬೊ ಅಥವಾ ಎಂಜಿನ್ ಎಣ್ಣೆ ಕುಡಿಯುತ್ತಿದೆ ಅಂತ ಲೆಕ್ಕ.

ತಲಪಾಡಿ–ಚೆಂಗಳ ಆರು ಪಥದ ಹೈವೇ ಇದೆ ಅಂತ ಅಲ್ಲೇ ಓಡಿಸಿ ಬರುವವರು ಜಾಸ್ತಿ. ಸಮತಟ್ಟು ರಸ್ತೆಯಲ್ಲಿ ಎಲ್ಲ ಗಾಡಿಯೂ ಚಂದವೇ. ಮುಳ್ಳೇರಿಯ ಕಡೆಗೋ ಪೆರ್ಲದ ಕಡೆಗೋ ಹತ್ತಿಳಿಯುವ ದಾರಿಗೆ ಕರೆದೊಯ್ಯಿರಿ. ಡಿಎಸ್‌ಜಿ, ಅಂದರೆ ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಇದ್ದರೆ ಏರಿನಲ್ಲಿ ನಿಲ್ಲಿಸಿ ನಿಧಾನಕ್ಕೆ ಎತ್ತಿ, ರಿವರ್ಸಿನಲ್ಲೂ ಏರು ಹತ್ತಿಸಿ. ನಡುಗಿದರೆ, ತಡವರಿಸಿದರೆ ಕ್ಲಚ್ಚಿನ ಖರ್ಚು ಕಾದಿದೆ. ವಿಆರ್‌ಎಸ್ 230ರ ಆರು ಗೇರಿನ ಡಿಎಸ್‌ಜಿ ಎಣ್ಣೆಯಲ್ಲಿ ಓಡುವ ಕ್ಲಚ್ಚಿನದು, ಅದರ ಎಣ್ಣೆಯನ್ನು 60,000 ಕಿಲೋಮೀಟರಿಗೆ ಬದಲಿಸಬೇಕು. ಬಿಲ್ ಕೇಳಿ.

ಕಾಗದ, ಹಣ, ಗಡಿ

ಕರ್ನಾಟಕದ ಗಾಡಿಯನ್ನು ಮಂಜೇಶ್ವರಕ್ಕೆ ತಂದು ಕೆಎ 19ರಲ್ಲೇ ವರ್ಷಗಟ್ಟಲೆ ಓಡಿಸುವುದು ಇಲ್ಲಿ ಮಾಮೂಲಾಗಿಬಿಟ್ಟಿದೆ. ಕಾನೂನಿನ ಪ್ರಕಾರ ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿಯ ನಂಬರ್ ಮಾಡಿಸಬೇಕು. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ, ಅಂದರೆ ಫಾರಂ 28. ಹೆಸರು ಬದಲಿಸಲು ಫಾರಂ 29 ಮತ್ತು 30. ಸಾಲ ಇದ್ದದ್ದಾದರೆ ಬ್ಯಾಂಕಿನ ಪತ್ರದ ಜೊತೆ ಫಾರಂ 35. ಕೆಎಲ್ 14 ನಂಬರಿಗೆ ಫಾರಂ 27. ಕೇರಳದ ತೆರಿಗೆ ಎಷ್ಟಾಗುತ್ತದೆ ಅಂತ ಮೊದಲೇ ಕಾಸರಗೋಡು ಆರ್‌ಟಿಒದಲ್ಲಿ ಕೇಳಿಕೊಳ್ಳಿ. ಹೊಸದಾಗಿದ್ದಾಗ ದುಬಾರಿಯಾಗಿದ್ದ ಗಾಡಿಗೆ ಆ ಮೊತ್ತ ಸಣ್ಣದಿರುವುದಿಲ್ಲ. ರೇಟು ಮಾತಾಡುವಾಗಲೇ ಅದನ್ನು ಕಳೆದು ಮಾತಾಡಿ.

ಅಡ್ವಾನ್ಸ್ ಕೊಡುವ ಮೊದಲು ಕರಾರುಪತ್ರ ಬರೆಸಿ. ಚಾಸಿ ನಂಬರ್, ಎಂಜಿನ್ ನಂಬರ್, ‘ಇದು ಇಂಥ ವೇರಿಯಂಟ್, ಎಂಜಿನ್ ಮೂಲದ್ದೇ’ ಅನ್ನುವ ಒಂದು ಸಾಲು ಅದರಲ್ಲಿ ಇರಲೇಬೇಕು. ಮಲಯಾಳದಲ್ಲಿ ಬರೆದುಕೊಟ್ಟರೆ ಓದಲು ಬರುವವರಿಂದ ಓದಿಸಿಕೊಂಡೇ ಸಹಿ ಹಾಕಿ, ನಾಚಿಕೆ ಬೇಡ. ಹಣ ಆರ್‌ಸಿಯಲ್ಲಿ ಹೆಸರಿರುವವರ ಖಾತೆಗೇ ಹೋಗಲಿ. ಬ್ರೋಕರ್ ಖಾತೆಗೆ ಬೇಡ, ಭಾವನ ಖಾತೆಗೂ ಬೇಡ.

ಗಾಡಿ ಮನೆಗೆ ಬಂದ ಮೇಲೆ ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಹಾಕಿ. ಎರಡೂ ಕೀ ಕೈಗೆ ಬಂತಾ ನೋಡಿಕೊಳ್ಳಿ. ಹಳೆ ಮಾಲೀಕರ ಫಾಸ್ಟ್ಯಾಗ್ ಮುಚ್ಚಿಸಿ ಹೊಸದು ತೆಗೆದುಕೊಳ್ಳಿ. ಇಲ್ಲದಿದ್ದರೆ ನೀವು ಮಂಗಳೂರಿಗೆ ಹೋದಾಗಲೆಲ್ಲ ತಲಪಾಡಿ ಟೋಲಿನ ದುಡ್ಡು ಅವರ ಖಾತೆಯಿಂದ ಹೋಗುತ್ತದೆ, ಫೋನು ನಿಮಗೆ ಬರುತ್ತದೆ.